ಮಣ್ಣು ಕೆರೆದ ದಾರಿಯ ಹೂವು

ತಿರುವಿನಲ್ಲಿ ವ್ಯಾನು ವಾಲಿದ್ದೇ ತಡ, ಹಿಂದಿನ ಕಪಾಟಿನ ಬಾಗಿಲು ದಡಾರನೆ ತೆರೆದುಕೊಂಡಿತು. ಮೊದಲು ಸಕ್ಕರೆ ಡಬ್ಬಿ ಉರುಳಿತು. ಅದರ ಬೆನ್ನಿಗೇ ನೀಲಿ ಬಳ್ಳಿಯ ಚಿತ್ರವಿದ್ದ ಪಿಂಗಾಣಿ ಟೀಪಾಟು ಕೆಳಗೆ ಬಿದ್ದು ಚೂರುಚೂರಾಯಿತು. ರಾಸ್ ಟ್ರೆಗಿಯರ್ ಬ್ರೇಕ್ ಒತ್ತಿ ವ್ಯಾನನ್ನು ರಸ್ತೆ ಬದಿಯ ಜಲ್ಲಿಗೆ ಇಳಿಸುವ ಹೊತ್ತಿಗೆ, ಪಕ್ಕದ ಸೀಟಿನಲ್ಲಿದ್ದ ಅವನ ತಾಯಿ ಎನಿಡ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನನ್ನಮ್ಮನ ಟೀಪಾಟು... ಸದ್ದು ಕೇಳಿದ್ರೇ ಗೊತ್ತಾಯ್ತು, ಅದೇ ಅಂತ!"

ರಾಸ್‌ನ ಹೆಂಡತಿ ಕೋರಿ ಆಗಲೇ ಮೊಣಕಾಲೂರಿ ಚೂರುಗಳನ್ನು ಆಯುತ್ತಿದ್ದಳು. "ದೊಡ್ಡ ಚೂರುಗಳನ್ನಾದ್ರೂ ಅಂಟಿಸೋಕಾಗತ್ತಾ ನೋಡ್ತೀನಿ, ಎನಿಡ್."

"ಅಂಟಿಸ್ತಾಳಂತೆ! ಮನೆ ಮುರಿದವಳಿಗೆ ಟೀಪಾಟು ಅಂಟಿಸೋದು ಯಾವ ಲೆಕ್ಕ!"

"ಅಮ್ಮ," ಎಂದ ರಾಸ್ ಮೆಲ್ಲಗೆ, "ಹೊರಡೋಕೆ ಮುಂಚೆ ನಾನು 'ಎಲ್ಲ ಭದ್ರವಾ' ಅಂತ ಕೂಗಿದ್ದೆ. ಆಗ ನೀನೇ ಅಲ್ವಾ..."

"ಹೌದು, ನಾನೇ 'ಭದ್ರ' ಅಂದೆ. ನಿನ್ನ ಹೆಂಡತಿ ಚಿಲಕ ಹಾಕಿರ್ತಾಳೆ ಅಂತ ನಂಬಿ ಅಂದೆ. ನಂಬಿದ್ದು ನನ್ನ ತಪ್ಪು!"

ಬೆಳಿಗ್ಗೆ ಸಕ್ಕರೆ ಡಬ್ಬಿಯನ್ನು ಕಪಾಟಿನೊಳಗಿಟ್ಟು ಬಾಗಿಲು ದೂಡಿದವಳು ಎನಿಡ್ ಎಂಬುದನ್ನು ಕೋರಿ ಕಣ್ಣಾರೆ ಕಂಡಿದ್ದಳು. ಗುಂಡಿ ಒತ್ತಿ, ಟಿಕ್ಕೆಂದು ಸದ್ದಾದರೆ ಮಾತ್ರ ಆ ಬಾಗಿಲು ಭದ್ರ. ಹೇಳಲು ತುಟಿ ತೆರೆದಳು... ಮತ್ತೆ ಮುಚ್ಚಿಕೊಂಡಳು. ಚೂರುಗಳನ್ನೆಲ್ಲ ಒಂದು ಟವೆಲಿನಲ್ಲಿ ಕಟ್ಟಿ ಸೀಟಿನ ಕೆಳಗಿಟ್ಟಳು. ಮುದಿ ನಾಯಿ ನಗೆಟ್ ಮಾತ್ರ ಚೆಲ್ಲಿದ ಸಕ್ಕರೆಯನ್ನು ಯಾರ ಕಡೆಗೂ ವಾಲದೆ ನೆಕ್ಕುತ್ತಿತ್ತು.

ಮನೆ ಮುರಿದದ್ದು ಎಂದರೆ ಹೀಗೆ. ರಾಸ್ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಮೇಲೆ ನಾರ್ಥಮ್ ಊರಿನ ತಮ್ಮ ಮನೆಯನ್ನು ಮಾರಿ ಒಳಗೇ ಅಡುಗೆ, ಹಾಸಿಗೆ ಇರುವ ಈ ಕ್ಯಾಂಪರ್ ವ್ಯಾನು ಕೊಂಡಿದ್ದ. ಆಸೆ ಕೋರಿಯದು. ಅವಳು ಮದುವೆಗೆ ಮುಂಚಿನಿಂದಲೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆಗಳನ್ನು ಒಗೆದು, ಇಸ್ತ್ರಿ ಮಾಡಿ ಸವೆದವಳು. ಆ ಲಾಂಡ್ರಿಗೆ ಒಂದೇ ಒಂದು ಕಿಟಕಿ ಇರಲಿಲ್ಲ. ಮಧ್ಯಾಹ್ನವೋ ಸಂಜೆಯೋ, ಮಳೆಯೋ ಬಿಸಿಲೋ, ಹೊರಗೆ ಬಂದ ಮೇಲೆಯೇ ತಿಳಿಯಬೇಕು. "ಇನ್ನುಳಿದ ದಿನ ಕಿಟಕಿ ಪಕ್ಕ ಕೂತು ಕಳೀಬೇಕು, ರಾಸ್," ಎಂದು ಅವಳು ಒಂದೇ ಒಂದು ಸಲ ಕೇಳಿದ್ದಳು. ಬೇರೇನನ್ನೂ ಎಂದೂ ಕೇಳದವಳು ಕೇಳಿದ್ದನ್ನು ಅವನು ಇಲ್ಲವೆನ್ನಲಿಲ್ಲ.

ಆದರೆ ಆ ಮನೆಯ ಹಿಂಬದಿಯ ಕೋಣೆ ಎನಿಡ್‌ಳದಾಗಿತ್ತು! ಗಂಡ ತೀರಿಕೊಂಡಂದಿನಿಂದ ಅವಳು ಅಲ್ಲಿದ್ದಳು. ಮನೆ ಹೋದ ಮೇಲೆ ಮುದುಕಿ ಪರ್ತ್ ನಗರದಲ್ಲಿ ಮಗಳು ಗ್ಲೆನಿಸ್‌ಳ ಮನೆಯ ಸೋಫಾದ ಮೇಲೆ ಮಲಗುವಂತಾಯಿತು. ಈ ವಸಂತಕ್ಕೆ ಹೂವು ನೋಡಲು ಬರುತ್ತೀಯಾ ಎಂದು ಮಗ ಬಾಯುಪಚಾರಕ್ಕೆ ಕೇಳಿದರೆ, ಬರುತ್ತೇನೆ ಎಂದು ಆ ಕ್ಷಣವೇ ಚೀಲ ಕಟ್ಟಿದಳು. ಬಂದವಳು ಮೊದಲ ದಿನವೇ ಕರಾರು ಹಾಕಿದಳು. "ಈ ಸುತ್ತು ಮುಗಿದ ಮೇಲೆ ಈ ಡಬ್ಬಿ ಮಾರಿ ಒಂದು ಮನೆ ಹಿಡಿ, ರಾಸ್. ಗೋಡೆ ಇರೋ ಮನೆ. ನಾನು ಸಾಯೋವರೆಗೆ ಮಾತ್ರ. ಆಮೇಲೆ ನೀವಿಬ್ಬರೂ ಹೊಳೆಗೆ ಬೇಕಾದ್ರೂ ಓಡಿಸ್ಕೊಂಡು ಹೋಗಿ." ರಾಸ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಸುತ್ತು ಮುಗೀಲಿ ಅಮ್ಮ" ಎಂದ. ಜಗಳವೆಂದರೆ ಹೆದರುವ ಗಂಡಸು ಅವನು.

ಹಾಗೆ ಮೂವರೂ ಒಂದು ನಾಯಿಯೂ ಗೋಧಿ ಬಯಲಿನ ಊರೂರು ಸುತ್ತಿದರು. ಒಂದು ಬೀದಿ, ಒಂದು ಹೋಟೆಲು, ಆಕಾಶಕ್ಕೆ ಚುಚ್ಚಿಕೊಂಡ ಗೋಧಿ ಕಣಜ, ಇಷ್ಟೇ ಊರು. ಆದರೆ ಕೋರಿಗೆ ಇಷ್ಟರಲ್ಲೇ ಮುಗಿಯದಷ್ಟು ಇತ್ತು. ರೈಲು ನಿಲ್ಲದ ಸ್ಟೇಷನ್ನಿನಲ್ಲಿ ಯಾರೋ ಹಳೆಯ ಇಸ್ತ್ರಿ ಪೆಟ್ಟಿಗೆಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟು ಮ್ಯೂಸಿಯಂ ಎಂದು ಬೋರ್ಡು ಹಾಕಿದ್ದರೆ, ಅವಳು ಒಂದೊಂದನ್ನೂ ಎತ್ತಿ ತೂಕ ನೋಡುವಳು. ಹೆಂಗಸರ ಸಂಘದವರು ಸ್ಕೋನು ಎಂಬ ಪುಟ್ಟ ಬನ್ನು, ಜಾಮು ಮಾರುವ ಕೋಣೆಗೆ ಹೋಗಿ, ಮನೆಗಳ ಚಿಮಣಿ ಯಾಕೆ ಇಷ್ಟು ದಪ್ಪ ಎಂದು ವಿಚಾರಿಸುವಳು. ಊರಾಚೆಯ ಕಾಡಿನಲ್ಲಂತೂ ಕೇಳುವುದೇ ಬೇಡ. ತಾಮ್ರದ ಬಣ್ಣದ ಕಾಂಡದ ನೀಲಗಿರಿ ಮರಗಳ ಕೆಳಗೆ ಬೋರಲಾಗಿ ಮಲಗಿ, ಬೆರಳಿನುದ್ದದ ಆರ್ಕಿಡ್ ಹೂವನ್ನು ನೋಡುತ್ತ ಊಟ ಮರೆಯುವಳು.

"ಎನಿಡ್, ಬನ್ನಿ ಇಲ್ಲಿ! ಜೇಡದ ಕಾಲಿನ ಹಾಗಿದೆ!"

"ಅಲ್ಲೇನಿದೆ ನೋಡೋಕೆ? ಒಣಕಲು ಪೊದೆ," ಎಂದು ಮುದುಕಿ ಮುಖ ಪಕ್ಕಕ್ಕೆ ತಿರುಗಿಸುವಳು. ಕರೆದಾಗಲೆಲ್ಲ ಹೀಗೆಯೇ. ಹೂವು ನೋಡಲು ಬಂದವಳು ಒಂದು ಹೂವನ್ನೂ ನೆಟ್ಟಗೆ ನೋಡಲಿಲ್ಲ. ಆದರೆ ಒಂದು ವಿಚಿತ್ರವಿತ್ತು. ಯಾವ ಊರಿಗೆ ಹೋದರೂ ಅವಳು ಬೆಂಚಿನ ಮೇಲೆ ಕೂತ ಮುದುಕರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳುವಳು. "ನಿಮ್ಮ ಕಡೆ ಹೋದ ವರ್ಷ ಮಣ್ಣುರಸ್ತೆ ಕೆರೆಯೋ ಗ್ರೇಡರ್ ಯಂತ್ರ ಬಂದಿತ್ತಾ? ಯಾವ ರಸ್ತೆಗೆ ಬಂದಿತ್ತು?" ಎಂಬತ್ತರ ಮುದುಕಿಗೆ ರಸ್ತೆ ಕೆರೆಯುವ ಯಂತ್ರ ಯಾಕೆ? ಕೇಳಿದರೆ, "ಡ್ರೈವರು ಚೆನ್ನಾಗಿದ್ರೆ ಮದುವೆ ಆಗೋಣ ಅಂತ!" ಎಂದು ಬಾಯಿ ಮುಚ್ಚಿಸುವಳು.

ವ್ಯಾನಿನೊಳಗೆ ಮಾತ್ರ ನಗುವಿಗೆ ಜಾಗವಿರಲಿಲ್ಲ. ಅಲ್ಲಿ ಕೋರಿಯ ಕಟ್ಟುನಿಟ್ಟು. ಕಪ್ಪಿಗೆ ಅದರದೇ ಕೊಕ್ಕೆ, ಬೆಂಕಿಪೊಟ್ಟಣಕ್ಕೆ ಅದರದೇ ಗೂಡು, ಚಾಕು ಬಲಕ್ಕೆ, ಚಮಚ ಎಡಕ್ಕೆ. ಓಡುವ ಮನೆಯಲ್ಲಿ ಬಿಟ್ಟ ವಸ್ತು ಬಿಟ್ಟಲ್ಲಿರುವುದಿಲ್ಲ ತಾನೆ! ಆದರೆ ಎನಿಡ್‌ಗೆ ಅದು ಸೊಸೆಯ ದರ್ಬಾರು. "ಮಹಾರಾಣಿ ಕಾನೂನು ಮಾಡಿದ್ದಾಳೆ. ಕಪ್ಪು ತಪ್ಪು ಕೊಕ್ಕೆಗೆ ಹಾಕಿದ್ರೆ ಜೈಲು!" ಎನ್ನುವಳು. ಊಟದ ಮೇಜು ಮಡಚಿ ತನಗೆ ಮಾಡಿಕೊಟ್ಟ ಹಾಸಿಗೆಯನ್ನು ಶವಪೆಟ್ಟಿಗೆ ಎನ್ನುವಳು. ತಟ್ಟೆ ತೊಳೆದಿಲ್ಲವೆನ್ನುವಳು, ಮಾಂಸ ಕಪ್ಪಾಗಿದೆ ಎನ್ನುವಳು. ತೊಳೆದ ತಟ್ಟೆ ಫಳಫಳ ಹೊಳೆಯುತ್ತಿದ್ದರೂ!

ಒಂದು ಮಧ್ಯಾಹ್ನ ವಾರ್ಡನೂಕ್ ಎಂಬ ಊರಿನಲ್ಲಿ ಕೋರಿ ಬ್ರೆಡ್ಡು ತರಲು ಹೋದಳು. ಮನೆ ಮಾರಾಟದ ಅಂಗಡಿಯ ಗಾಜಿನ ಮುಂದೆ ರಾಸ್ ಒಬ್ಬನೇ ನಿಂತಿದ್ದ. ಹಸಿರು ಬಾಗಿಲಿನ ಪುಟ್ಟ ಮನೆಯೊಂದರ ಫೋಟೋ ಮೇಲೆ ಅವನ ಬೆರಳು. ಹೆಂಡತಿಯನ್ನು ಕಂಡದ್ದೇ ಆ ಬೆರಳನ್ನು ಜೇಬಿಗೆ ಹಾಕಿಕೊಂಡ. ಕೋರಿ ಬ್ರೆಡ್ಡಿನ ಚೀಲವನ್ನು ಅವನ ಕೈಗೆ ಕೊಟ್ಟಳು. ತಿರುಗಿ ಬರುವಾಗ ಗೋಧಿ ಬಯಲು, ಅದರಾಚೆಯ ಕಾಡು, ಅದರ ಮೇಲಿನ ಅಷ್ಟಗಲದ ಆಕಾಶ, ಎಲ್ಲವೂ ಅವಳ ಕಣ್ಣಿಗೆ ಮತ್ತೊಮ್ಮೆ ಕಿಟಕಿಯಿಲ್ಲದ ಗೋಡೆಯಂತೆ ಕಂಡವು...

ಆ ಊರಿನಿಂದ ಉತ್ತರಕ್ಕೆ ಮಣ್ಣು ರಸ್ತೆ. ಹಿಂದಿನ ದಿನ ಮಳೆ ಬಿದ್ದು ಹಳ್ಳವೊಂದು ರಸ್ತೆಯ ಮೇಲೇ ಹರಿಯುತ್ತಿತ್ತು. ಇಂಥಲ್ಲಿ ಒಬ್ಬರು ನಡೆದು ದಾಟಿ ನೀರಿನ ಆಳ ನೋಡಿ, ಕೈಯಲ್ಲಿನ ಸಣ್ಣ ರೇಡಿಯೋದಲ್ಲಿ ಬಾ ಎಂದರೆ ಮಾತ್ರ ವ್ಯಾನು ಇಳಿಸುವುದು. ಕೋರಿ ಬೂಟು ಕಳಚಿ, ರೇಡಿಯೋ ಹಿಡಿದು ನೀರಿಗಿಳಿದಳು. ರಾಸ್ ಹಿಂದಿನ ಚಕ್ರದ ಗಾಳಿ ನೋಡಲು ಇಳಿದ. ಎನಿಡ್ ಮುಂದಿನ ಸೀಟಿನಲ್ಲಿ ಉಳಿದಳು. ನಾಯಿ ಅವಳ ಪಕ್ಕಕ್ಕೆ ಹಾರಿ, ಸೀಟಿನ ಮೇಲೆ ಬಿದ್ದಿದ್ದ ವ್ಯಾನಿನ ರೇಡಿಯೋ ಮೈಕಿನ ಮೇಲೆಯೇ ಮೈಚೆಲ್ಲಿ ಮಲಗಿತು. ಮೈಕಿನ ಗುಂಡಿ ಒತ್ತಿಹೋಯಿತು. ಒಂದು ಕಡೆ ಗುಂಡಿ ಒತ್ತಿದ್ದರೆ ಆ ಚಾನೆಲ್ಲಿನಲ್ಲಿ ಬೇರೆಯವರು ಬಾಯಿ ಹಾಕುವಂತಿಲ್ಲ. ಕೇಳಬಹುದು, ಅಷ್ಟೇ.

ಹಳ್ಳದ ಆಚೆ ದಡದಲ್ಲಿ ನಿಂತ ಕೋರಿಯ ಅಂಗೈಯಲ್ಲಿ ಅತ್ತೆಯ ದನಿ ಮಾತಾಡತೊಡಗಿತು.

"ಮಲ್ಕೋ, ನಗೆಟ್. ನಿನಗೂ ಕಣ್ಣಲ್ಲಿ ಪೊರೆ, ನನಗೂ ಹಾಳು ಕಣ್ಣು. ನಿನಗೆ ಮೂಗಾದ್ರೂ ಇದೆ... ನನಗೆ ನೋಡು, ಯಾವುದನ್ನ ನೋಡಿದ್ರೂ ನಟ್ಟನಡುವೆ ಒಂದು ಬೂದಿ ಬಣ್ಣದ ತೂತು. ಅಂಚು ಕಾಣತ್ತೆ, ನಡು ಕಾಣಲ್ಲ. ನಿನ್ನ ಯಜಮಾನಿ ಎದುರು ಬಂದು ನಿಂತ್ರೆ ಕಿವಿ ಕಾಣತ್ತೆ, ಕೂದಲು ಕಾಣತ್ತೆ. ಮುಖವೇ ಇಲ್ಲ! ನಗ್ತಿದ್ದಾಳೋ, ಅಳ್ತಿದ್ದಾಳೋ... ಹೇಗೆ ಗೊತ್ತಾಗಬೇಕು ನನಗೆ? ಬೈದ್ರೆ ಅವಳ ದನಿಯಾದ್ರೂ ಕೇಳತ್ತೆ, ದನಿಯಲ್ಲಿ ಮುಖ ಗೊತ್ತಾಗತ್ತೆ."

ಕೋರಿ ಗುಂಡಿ ಒತ್ತಿದಳು. "ಎನಿಡ್! ಮೈಕು ತೆರೆದಿದೆ!" ಮಾತು ಹೋಗಲಿಲ್ಲ.

"ಆ ಟೀಪಾಟು ಒಡೆದದ್ದು ನಾನೇ ಕಣೋ. ಗುಂಡಿ ಎಲ್ಲಿದೆ ಅಂತ ಕಾಣಲಿಲ್ಲ. ಕೇಳೋಕೆ ನಾಚಿಕೆ ಆಯ್ತು... ಡಾಕ್ಟರು ಹೇಳಿದ್ದಾರೆ, ಇದು ಇನ್ನೂ ಹರಡತ್ತೆ ಅಂತ. ಗ್ಲೆನಿಸ್‌ಗೆ ತಿಳಿದ್ರೆ ನಾಳೆನೇ ವೃದ್ಧಾಶ್ರಮಕ್ಕೆ ಬಿಡ್ತಾಳೆ. ಅದಕ್ಕೇ ಮನೆ ಬೇಕು. ಗೋಡೆ ಮುಟ್ಕೊಂಡು ಓಡಾಡಬಹುದು, ಯಾರಿಗೂ ಹೇಳದೆ. ಅಷ್ಟರೊಳಗೆ ಆ ಹೂವು ಒಂದು ಸಲ... ಅಪ್ಪ ಕುಲ್ಬಿನ್ ರೈಲು ಹಾದಿಯಲ್ಲಿ ಕೆಲಸ ಮಾಡ್ತಿದ್ದಾಗ, ಮಣ್ಣು ಕೆರೆದ ಕಡೆ ಮಾತ್ರ ಬರ್ತಿತ್ತು ನಗೆಟ್, ನೆಲದ ಮೇಲೆ ಹಾರ ಇಟ್ಟ ಹಾಗೆ! ಬೇರೆ ಒಳ್ಳೆ ನೆಲದಲ್ಲಿ ಅದು ಹುಟ್ಟಲ್ಲ. ಎಲ್ಲಿ ಕೆರೆದಿದ್ದಾರೆ ಅಂತ ಕೇಳ್ತಾ ಬಂದೆ. ಒಬ್ಬನಿಗೂ ಗೊತ್ತಿಲ್ಲ."

ರಾಸ್ ಬಾಗಿಲು ತೆರೆದ ಸದ್ದು. ನಾಯಿ ಎದ್ದಿತು. ರೇಡಿಯೋ ಮೌನವಾಯಿತು. ಕೋರಿ ಮೊಣಕಾಲವರೆಗಿನ ಕೆಂಪು ನೀರಿನಲ್ಲಿ ಮತ್ತೆ ನಡೆದುಬಂದಳು. ಮುಖ ತೊಳೆದುಕೊಂಡಿದ್ದಳು. "ಆಳ ಇಲ್ಲ, ಬರಬಹುದು," ಎಂದಳು, ಅಷ್ಟೇ.

ಆದರೆ ಆ ಚಾನೆಲ್ಲು ಕೋರಿಯೊಬ್ಬಳದಲ್ಲ. ವ್ಯಾನಿನಲ್ಲೋ, ಕಾರಿನ ಹಿಂದೆ ಮನೆಗಾಡಿ ಕ್ಯಾರವಾನ್ ಎಳೆದುಕೊಂಡೋ ದಾರಿ ಹಿಡಿದವರೆಲ್ಲ ಕಿವಿ ಹಚ್ಚಿ ಕೂರುವುದು ಅದಕ್ಕೇ. ಸಂಜೆ ಪಿಂಕಲ್ಲಾ ಎಂಬ ಊರಿನ ಮೈದಾನದಲ್ಲಿ ಅವರು ವ್ಯಾನು ನಿಲ್ಲಿಸಿದಾಗ, ದಾರಿಯುದ್ದಕ್ಕೂ ಪರಿಚಯವಾಗಿದ್ದ ಪ್ರಯಾಣಿಕರ ಐದು ಗಂಟೆಯ ಕೂಟ ಆಗಲೇ ಸೇರಿತ್ತು. ಎಲ್ಲರೂ ತಮ್ಮ ತಮ್ಮ ಮಡಚು ಕುರ್ಚಿ, ತಮ್ಮ ತಮ್ಮ ಗ್ಲಾಸು ತಂದು ಸುತ್ತ ಕೂರುವ ಪದ್ಧತಿ ಅದು. ಆ ದಿನ ಮಾತ್ರ ಎನಿಡ್‌ಗೆ ಕುರ್ಚಿ ತರಲು ಬಿಡಲಿಲ್ಲ. ಒಬ್ಬರು ಕುರ್ಚಿ ಹಾಕಿದರು, ಇನ್ನೊಬ್ಬರು ಶೆರ್ರಿ ವೈನಿನ ಗ್ಲಾಸನ್ನು ಅವಳ ಕೈಗೇ ಹಿಡಿಸಿದರು. ನೋರೀನ್ ಎಂಬ ಹೆಂಗಸು, "ಬಿಸ್ಕತ್ತು ತಟ್ಟೆ ನಿಮ್ಮ ಎಡಗೈ ಹತ್ರ ಇದೆ, ಅಮ್ಮ," ಎಂದಳು. ಎನಿಡ್‌ಳ ಹುಬ್ಬು ಗಂಟಾಯಿತು.

ನೋರೀನ್‌ಳ ಗಂಡ ಡೆಸ್ ಎಂಬ ದಪ್ಪನೆಯ ಮನುಷ್ಯ ಬಾಯಿಗೆ ಬೀಗವಿಲ್ಲದವನು. "ಏನಮ್ಮ ಎನಿಡ್, ಈ ದಾರೀಲಿ ಇಷ್ಟು ವರ್ಷ ಓಡಾಡಿದೀನಿ, ರೇಡಿಯೋದಲ್ಲಿ ಇಂಥ ಕಾರ್ಯಕ್ರಮ ಕೇಳಿರ್ಲಿಲ್ಲ! ನಾಯಿಗೂ ಬಾಯಿ ಬಂದಿದ್ರೆ..."

"ಡೆಸ್!" ಎಂದು ನೋರೀನ್ ಅವನ ಕಾಲು ತುಳಿದಳು. ತಡವಾಗಿತ್ತು.

ಎನಿಡ್ ಎದ್ದು ನಿಂತಳು. ಶೆರ್ರಿ ಮಡಿಲಿಗೆ ಚೆಲ್ಲಿತು. "ಯಾವ ರೇಡಿಯೋ? ಏನು ಕೇಳಿದ್ರಿ?" ಅವಳು ಕೋರಿ ಕೂತಿದ್ದ ಕಡೆಗೆ ತಿರುಗಿದಳು. "ಓಹೋ... ನೀನಾ! ನನ್ನ ಮಾತು ಕದ್ದು ಕೇಳಿ ಊರಿಗೆಲ್ಲ ಹಂಚಿದ್ಯಾ! ಮುದುಕಿ ಕುರುಡಿ ಅಂತ ಸಾರಿ, ವೃದ್ಧಾಶ್ರಮಕ್ಕೆ ತಳ್ಳಿ, ನಿನ್ನ ಡಬ್ಬಿ ಉಳಿಸ್ಕೊಳ್ಳೋ ಉಪಾಯ!"

"ಅಮ್ಮ, ಸಾಕು!" ರಾಸ್ ಕೂಗಿದ. ಅವನು ತಾಯಿಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಏನು ಕುರುಡು? ಯಾವ ಕುರುಡು? ನಿನಗೇನಾಗಿದೆ?"

ಊರೇ ಕೇಳಿದ್ದನ್ನು ಕೇಳದವನು ಅವನೊಬ್ಬನೇ! ಚಕ್ರದ ಹತ್ತಿರ ಬಗ್ಗಿದ್ದ ಮಗನಿಗೆ ತಾಯಿಯ ಕಣ್ಣು ಹೋಗುತ್ತಿರುವ ಸಂಗತಿ ಗೊತ್ತಿರಲಿಲ್ಲ.

ಕೋರಿ ಎದ್ದು ಅತ್ತೆಯ ಎದುರಿಗೆ ಬಂದಳು. "ನಾನು ಹೇಳಿಲ್ಲ, ಎನಿಡ್. ನಗೆಟ್ ಮೈಕಿನ ಮೇಲೆ ಮಲಗಿತ್ತು. ನಿಲ್ಲಿಸಿ ಅಂತ ಕೂಗಿದೆ, ಹೋಗಲಿಲ್ಲ. ಕೇಳಿಸ್ಕೊಂಡಿದ್ದು ನನ್ನ ತಪ್ಪಾದ್ರೆ ಬೈಯಿರಿ... ಬೈದ್ರೆ ನನ್ನ ಮುಖ ಗೊತ್ತಾಗತ್ತೆ ಅಂದ್ರಲ್ಲ." ಅವಳು ಮುದುಕಿಯ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಕೆನ್ನೆ ಒದ್ದೆಯಾಗಿತ್ತು. "ಈಗ ನೋಡಿ. ಏನು ಮಾಡ್ತಿದೀನಿ, ಹೇಳಿ."

ಎನಿಡ್‌ಳ ಬೆರಳುಗಳು ಆ ಕೆನ್ನೆಯ ಮೇಲೆ ಸರಿದವು. ಕಣ್ಣಿನ ಕೆಳಗೆ, ಮೂಗಿನ ಪಕ್ಕ, ತುಟಿಯ ಅಂಚಿಗೆ ಒಂದೊಂದಾಗಿ ಹೋಗಿ ನಿಂತವು. ಎಷ್ಟೋ ತಿಂಗಳಿಂದ ಕಾಣದ ಮುಖ! "ಮನೆ ತಗೊಳ್ಳೋಣ," ಎಂದಳು ಕೋರಿ. "ವಾರ್ಡನೂಕ್‌ನಲ್ಲಿ ಹಸಿರು ಬಾಗಿಲಿನ ಮನೆ ಇದೆ. ರಾಸ್ ನೋಡಿದ್ದಾನೆ, ನಾನೂ ನೋಡಿದೀನಿ. ವ್ಯಾನು ಮಾರೋಣ."

ರಾಸ್ ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ತಲೆ ಹಿಡಿದ. ಡೆಸ್ ಮೂಗು ಒರೆಸಿಕೊಂಡು ಕೆಮ್ಮಿದ. "ನಾನೊಂದು ಹೇಳಬಹುದಾ? ಮತ್ತೆ ಕಾಲು ತುಳೀಬೇಡ ಮಾರಾಯ್ತಿ. ಆ ಕುಲ್ಬಿನ್ ಕಡೆ ರಸ್ತೆ... ಹಳೇ ರೈಲು ಹಾದಿ ಪಕ್ಕ. ಹೋದ ವರ್ಷ ಅಲ್ಲಿಗೆ ಗ್ರೇಡರ್ ಬಂದಿತ್ತು. ನಮ್ಮ ಕ್ಯಾರವಾನು ಅದರ ಹಿಂದೆ ಅರ್ಧ ದಿನ ಧೂಳು ತಿಂದಿತ್ತು. ಅದು ಹೇಗೆ ಮರೆಯತ್ತೆ?"

ಮಾರನೆಯ ದಿನ ಬಿಸಿಲು ಏರಿದ ಮೇಲೆ ಹೊರಟರು. ಕುಲ್ಬಿನ್ ಎಂಬಲ್ಲಿ ಈಗ ಏನೂ ಇಲ್ಲ. ಹಳಿ ಕಿತ್ತ ದಿಬ್ಬ, ಒಂದು ನೀರಿನ ತೊಟ್ಟಿ, ಸುತ್ತ ಕುರುಚಲು ಕಾಡು. ಕಾಡಿನೊಳಗೆ ಗುಲಾಬಿ, ಬಿಳಿ ಹೂವುಗಳು ಕಾಗದದಂತೆ ಸರಸರ ಎನ್ನುತ್ತ ಹಾಸಿಕೊಂಡಿದ್ದವು. ಅಲ್ಲಿ ಎನಿಡ್ ನಿಲ್ಲಲಿಲ್ಲ. ರಸ್ತೆಯ ಅಂಚಿಗೆ, ಯಂತ್ರ ಕೆರೆದುಹಾಕಿದ ಬರಿದಾದ ಕೆಂಪು ಜಲ್ಲಿಯ ಪಟ್ಟಿಗೆ ನಡೆದಳು. ಕೋರಿ ಅವಳ ಮೊಣಕೈ ಹಿಡಿದಿದ್ದಳು.

"ಇದೆಯಾ?"

"ಇದೆ," ಎಂದಳು ಕೋರಿ. ಅವಳ ದನಿ ಪಿಸುಮಾತಿಗಿಳಿದಿತ್ತು. "ಒಂದಲ್ಲ ಎನಿಡ್... ಉದ್ದಕ್ಕೂ ಇವೆ. ನಿಮ್ಮ ಕಾಲ ಹತ್ರಾನೇ ಒಂದಿದೆ."

ಎನಿಡ್ ತಲೆ ಬಗ್ಗಿಸಿ ನೆಟ್ಟಗೆ ನೋಡಿದಳು. ಇಷ್ಟು ದಿನ ಪಕ್ಕಕ್ಕೆ ತಿರುಗಿಸಿದ ಮುಖವನ್ನು ಮೊದಲ ಸಲ ನೇರ ಇಳಿಸಿದಳು. ಬೂದಿ ಬಣ್ಣದ ತೂತು ಎಂದಿನಂತೆ ನಡುವೆಯೇ ಬಂದು ನಿಂತಿತು. ಆದರೆ ಅದರ ಸುತ್ತ... ಸುತ್ತಲೂ ಒಂದು ಸುತ್ತು! ಕೆಂಪು, ಗುಲಾಬಿ, ಹಾಲಿನ ಕೆನೆ. ಎಲ್ಲೂ ಕಡಿಯದೆ, ಬಳೆಯಂತೆ ಪೂರ್ತಿ ಕೂಡಿಕೊಂಡ ಹೂವಿನ ಸುತ್ತು!

"ಕಾಣ್ತಿದೆ..." ಎಂದಳು. ಮತ್ತೆ ಬೆದರಿದವಳಂತೆ ಕೋರಿಯ ಕೈ ಹಿಚುಕಿದಳು. "ಸುಳ್ಳು ಹೇಳಬೇಡ. ನಡುವೆ ಏನಿದೆ? ನನಗೆ ಕಾಣದ್ದು ಏನಿದೆ ಅಲ್ಲಿ?"

ಕೋರಿ ಬಗ್ಗಿ ನೋಡಿದಳು. ಅವಳಿಗೂ ಆ ಹೂವು ಹೊಸದು. "ನಡುವೆ ಹೂವಿಲ್ಲ, ಎನಿಡ್! ಬರೀ ಹಸಿರು ಎಲೆ. ಹೂವೆಲ್ಲ ಅಂಚಿಗೇ ಇದೆ."

"ಹಾಗಾದ್ರೆ ನಾನು ಪೂರ್ತಿ ನೋಡಿದೆ!" ಮುದುಕಿ ಜಲ್ಲಿಯ ಮೇಲೆ ಹಾಗೇ ಕೂತುಬಿಟ್ಟಳು. "ರಾಸ್, ನಿಮ್ಮಮ್ಮ ಒಂದು ಹೂವನ್ನ ಪೂರ್ತಿ ನೋಡಿದ್ಲು ಕಣೋ!" ನಗುತ್ತಿದ್ದಳೋ, ಅಳುತ್ತಿದ್ದಳೋ, ಕಣ್ಣಿದ್ದವರಿಗೂ ಆಗ ತಿಳಿಯಲಿಲ್ಲ. ಕೀಳಲು ಯಾರೂ ಕೈ ಹಾಕಲಿಲ್ಲ. ಆ ಹೂವನ್ನು ಕೀಳುವವರಿಲ್ಲ. ಒಂದೊಂದರ ಮುಂದೆಯೂ ಕೂತು, ಎದ್ದು, ಬಣ್ಣ ಹೇಳಿ, ಸರಿಯಾ ಎಂದು ಸೊಸೆಯನ್ನು ಕೇಳುತ್ತ ಎನಿಡ್ ರಸ್ತೆಯುದ್ದಕ್ಕೂ ಸಾಗಿದಳು. ಹಿಂದೆ ನಗೆಟ್.

ಮಧ್ಯಾಹ್ನ ರಾಸ್ ಮರದ ನೆರಳಿನಲ್ಲಿ ಮನೆಯ ಮಾತು ಎತ್ತಿದ. ಹಿಂದಿರುಗಿ ವಾರ್ಡನೂಕ್‌ಗೆ ಹೋಗಿ ಕೇಳೋಣವೆಂದ. ಕೋರಿ ಸರಿ ಎಂದಳು. ಎನಿಡ್ ಎದ್ದು ವ್ಯಾನಿನೊಳಗೆ ಹೋದಳು. "ನಾನು ಟೀ ಮಾಡ್ತೀನಿ. ಯಾರೂ ಒಳಗೆ ಬರಬೇಡಿ," ಎಂದು ಬಾಗಿಲು ಎಳೆದುಕೊಂಡಳು. ಇಬ್ಬರೂ ಹೊರಗೆ ನಿಂತರು. ಒಳಗೆ ಅವಳು ಕಣ್ಣು ಮುಚ್ಚಿಕೊಂಡಳು. ಪೂರ್ತಿ ಹೋದ ಮೇಲೆ ಹೇಗಿರುತ್ತದೆ ನೋಡೋಣವೆಂದು. ಕೈ ಚಾಚಿದರೆ ನೀರಿನ ಕೆಟಲ್, ಅದೇ ಜಾಗದಲ್ಲಿ. ಬೆಂಕಿಪೊಟ್ಟಣ, ಅದರದೇ ಗೂಡಿನಲ್ಲಿ. ಮೂರು ಕಪ್ಪು, ಮೂರು ಕೊಕ್ಕೆ. ಚಮಚ ಎಡಕ್ಕೆ. ಸಕ್ಕರೆ ಡಬ್ಬಿ ಕಪಾಟಿನ ಮೂಲೆಯಲ್ಲಿ. ಒಂದು ಹೆಜ್ಜೆಯನ್ನೂ ಎತ್ತಿಡಬೇಕಾಗಲಿಲ್ಲ, ಒಂದು ಗೋಡೆಯನ್ನೂ ತಡವಬೇಕಾಗಲಿಲ್ಲ. ಬೈದು ಬೈದು ಸುಸ್ತಾದ ಆ ಕಾನೂನು ಕತ್ತಲೆಯಲ್ಲಿ ಒಂದೊಂದು ವಸ್ತುವನ್ನೂ ಹಿಡಿದು ಅವಳ ಕೈಗೆ ಕೊಡುತ್ತಿತ್ತು...

ಬಾಗಿಲು ತೆರೆದಾಗ ಅವಳ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮೂರು ಕಪ್ಪು. ಸ್ವಲ್ಪ ಚೆಲ್ಲಿತ್ತು.

"ಮನೆ ಬೇಡ," ಎಂದಳು.

"ಅಮ್ಮ..."

"ನೀನು ಸುಮ್ನಿರು. ಆ ಹಸಿರು ಬಾಗಿಲಿನ ಮನೇಲಿ ನಾನು ಅಡುಗೆಮನೆ ಹುಡುಕ್ತಾ ಹುಡುಕ್ತಾ ಊಟದ ಹೊತ್ತು ಮೀರತ್ತೆ. ಇಲ್ಲಿ ಕೈಗೆ ಸಿಗದೆ ಇರೋದು ಏನೂ ಇಲ್ಲ." ಆಮೇಲೆ ದನಿ ತಗ್ಗಿಸಿ, "ಕೋರಿ, ಶವಪೆಟ್ಟಿಗೆ ಅಂದಿದ್ದೆ. ತಪ್ಪಾಯ್ತು. ಹಾಸಿಗೆ ಸ್ವಲ್ಪ ಗಟ್ಟಿ, ಅಷ್ಟೇ. ಈ ಮುದುಕಿನ ಇಟ್ಕೋತೀಯಾ? ಕಿಟಕಿ ಪಕ್ಕದ ಸೀಟು ನಿನಗೇ. ಏನು ಕಾಣತ್ತೆ ಅಂತ ಹೇಳ್ತಾ ಬಾ. ಜೇಡದ ಕಾಲಿನ ಹೂವು ಅಂದೆಯಲ್ಲ... ಅದು ಹೇಗಿತ್ತು?"

ಕೋರಿ ಕಪ್ಪು ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು. ಆಮೇಲೆ ಎನಿಡ್‌ಳೇ ಬಿಡಿಸಿಕೊಂಡು, "ಕೊಕ್ಕೆ ಮಾತ್ರ ಬದಲಾಯಿಸಬೇಡ. ನನ್ನ ಕಪ್ಪು ನಡುವಿನದು," ಎಂದಳು.

ಟವೆಲಿನಲ್ಲಿ ಕಟ್ಟಿದ್ದ ಟೀಪಾಟಿನ ಚೂರುಗಳನ್ನು ಹೊರಡುವ ಮುಂಚೆ ಅವಳೇ ತೆಗೆದುಕೊಂಡು ಹೋಗಿ ಹಳಿ ಕಿತ್ತ ದಿಬ್ಬದ ಮಣ್ಣಿನಲ್ಲಿ ಹೂತು ಬಂದಳು. ತೊಳೆದ ಕಪ್ಪುಗಳನ್ನು ಅವಳೇ ಕೊಕ್ಕೆಗೆ ಹಾಕಿದಳು. ಸಕ್ಕರೆ ಡಬ್ಬಿ ಒಳಗಿಟ್ಟು ಬಾಗಿಲು ದೂಡಿ, ಹೆಬ್ಬೆರಳಿನಿಂದ ಗುಂಡಿ ಹುಡುಕಿ ಒತ್ತಿದಳು. ಕಿವಿಗೊಟ್ಟಳು.

ಟಿಕ್.

ಮುಂದಿನಿಂದ ರಾಸ್ ಕೂಗಿದ. "ಎಲ್ಲ ಭದ್ರವಾ?"

ಕೋರಿ ಬಾಯಿ ತೆರೆಯಲಿಲ್ಲ, ಕಾದಳು.

"ಭದ್ರ!" ಎಂದಳು ಎನಿಡ್.